ಪಿಕಪ್ ಇಲ್ಲ, ಬೇಗ ಸ್ಟಾರ್ಟ್ ಆಗಲ್ಲ, ಸರಪಳಿ ಸದ್ದು: 1.3 ಟರ್ಬೊ ಡೀಸೆಲ್ ಇಂಜಿನ್‌ಗೆ ದೋಷ ನಿವಾರಣೆ ಕೈಪಿಡಿ

ಬಾಡಿಗೆಗೆ ಓಡುವ ಸ್ವಿಫ್ಟ್ ಡಿಜೈರ್, ಮನೆಮಂದಿಯ ಎರ್ಟಿಗಾ, ಹಳೆಯ ಇಂಡಿಕಾ ವಿಸ್ಟಾ, ಮಾಂಜಾ, ಲಿನಿಯಾ. ಹೆಸರು ಬೇರೆ ಬೇರೆಯಾದರೂ ಈ ಡೀಸೆಲ್ ಗಾಡಿಗಳ ಬಾನೆಟ್ ಎತ್ತಿದರೆ ಬಹುಮಟ್ಟಿಗೆ ಕಾಣುವುದು ಒಂದೇ ಇಂಜಿನ್: ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್. ಮಾರುತಿಯವರು ಇದನ್ನು ಡಿಡಿಐಎಸ್ ಎಂದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಆದರೂ ಬಳ್ಳಾರಿಯಿಂದ ಸಿರುಗುಪ್ಪ, ಗಂಗಾವತಿ, ಸಿಂಧನೂರು, ರಾಯಚೂರಿನವರೆಗೆ ಈ ಗಾಡಿಗಳು ಇನ್ನೂ ದುಡಿಯುತ್ತಿವೆ. ವಯಸ್ಸಾದಂತೆ ಇವುಗಳ ದೂರುಗಳೂ ಹೆಚ್ಚುತ್ತಿವೆ.

ಈ ಇಂಜಿನ್‌ನಲ್ಲಿ ಆಗುವ ದೊಡ್ಡ ನಷ್ಟ ಒಂದೇ ಬಗೆಯದು. ಸೀಳಿದ ರಬ್ಬರ್ ಹೋಸ್, ಕಟ್ಟಿಕೊಂಡ ಫಿಲ್ಟರ್, ಇಳಿದ ಆಯಿಲ್ ಮಟ್ಟದಂಥ ಅಗ್ಗದ ಕಾರಣಕ್ಕೆ ಇಂಜೆಕ್ಟರ್, ಪಂಪ್, ಟರ್ಬೊದಂಥ ದುಬಾರಿ ಭಾಗಗಳನ್ನು ಬದಲಿಸಿಬಿಡುತ್ತಾರೆ. ಹಾಗಾಗಿ ಕೆಳಗಿನ ಕ್ರಮದಲ್ಲಿ ಎಲ್ಲ ಕಡೆ ಅಳತೆ ಮೊದಲು, ಬಿಚ್ಚುವುದು ಆಮೇಲೆ.

ಇಂಜಿನ್‌ನ ಅಳತೆಗಳು

ನಾಲ್ಕು ಸಿಲಿಂಡರ್, 1248 ಸಿಸಿ. ಬೋರ್ 69.6 ಎಂಎಂ, ಸ್ಟ್ರೋಕ್ 82 ಎಂಎಂ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಎರಡು ಕ್ಯಾಮ್ ಶಾಫ್ಟ್, 16 ವಾಲ್ವ್. ಹೈಡ್ರಾಲಿಕ್ ಲಿಫ್ಟರ್ ಇರುವುದರಿಂದ ಟ್ಯಾಪೆಟ್ ಹೊಂದಿಸುವ ಕೆಲಸವಿಲ್ಲ. ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಸರಪಳಿ ಇದೆ. ಫೈರಿಂಗ್ ಆರ್ಡರ್ 1-3-4-2.

ನಮ್ಮ ಕಡೆ ಇದರ ಎರಡು ರೂಪ ಸಿಗುತ್ತವೆ. ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ ಇರುವುದು 75 ಪಿಎಸ್ ಮತ್ತು 190 ಎನ್‌ಎಂ ಕೊಡುವುದು. ಇದರ ಟರ್ಬೊ ಸಾದಾ, ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಇರುವಂಥದ್ದು. ಎರ್ಟಿಗಾ, ಸಿಯಾಜ್, ವಿಟಾರಾ ಬ್ರೆಝಾ, ಡೀಸೆಲ್ ಎಸ್‌ಎಕ್ಸ್4ಗಳಲ್ಲಿ ಇರುವುದು 90 ಪಿಎಸ್ ಮತ್ತು 200 ಎನ್‌ಎಂನದು. ಇದರ ಟರ್ಬೊದೊಳಗಿನ ರೆಕ್ಕೆಗಳು ಅಗಲ-ಕಿರಿದಾಗುತ್ತವೆ. ಕೆಟ್ಟಾಗ ಹುಡುಕುವ ಬಗೆಯೂ ಇವೆರಡಕ್ಕೆ ಬೇರೆ ಬೇರೆ. ಹಾಗಾಗಿ ಕೈ ಹಾಕುವ ಮೊದಲು ಮುಂದೆ ನಿಂತಿರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಸಂಪ್‌ನಲ್ಲಿ ಹಿಡಿಯುವ ಆಯಿಲ್ ಫಿಲ್ಟರ್ ಸೇರಿ ಸುಮಾರು 3 ಲೀಟರ್ ಮಾತ್ರ. ಈ ಅಂಕಿಯನ್ನು ಮರೆಯಬೇಡಿ, ಸರಪಳಿಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಮೊದಲೇ ಒಂದು ಎಚ್ಚರಿಕೆ

ಹಳೆಯ ಡೀಸೆಲ್ ಇಂಜಿನ್‌ಗಳಲ್ಲಿ ಕೈ ಪಳಗಿದ ಮೇಸ್ತ್ರಿಗಳಿಗೆ ಒಂದು ರೂಢಿ ಇದೆ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನೋಜಲ್ ಪೈಪಿನ ನಟ್ ಸಡಿಲಿಸಿ, ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ನೋಡುವುದು. ಈ ಇಂಜಿನ್‌ನಲ್ಲಿ ಆ ಕೆಲಸ ಮಾಡಲೇಬೇಡಿ. ಇದು ಕಾಮನ್ ರೈಲ್, ಅಂದರೆ ನಾಲ್ಕೂ ಇಂಜೆಕ್ಟರ್‌ಗಳಿಗೆ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುತ್ತದೆ. ಪೈಪಿನಲ್ಲಿ ಐಡಲ್‌ನಲ್ಲೇ 250ರಿಂದ 300 ಬಾರ್ ಇರುತ್ತದೆ, ಪೂರ್ತಿ ಭಾರದಲ್ಲಿ 1400 ಬಾರ್ ಮುಟ್ಟುತ್ತದೆ. ಆ ಒತ್ತಡದಲ್ಲಿ ಚಿಮ್ಮುವ ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆತು ಬೆರಳು ಕಳೆದುಕೊಳ್ಳಬೇಕಾಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಎಂದು ಸುಮ್ಮನಿರಬೇಡಿ, ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ಯಾವ ಸಿಲಿಂಡರ್ ಎಂದು ತಿಳಿಯಲು ಇಂಜಿನ್ ಕಂಪ್ಯೂಟರನ್ನು ಓದುವ ಸ್ಕ್ಯಾನರ್‌ನಲ್ಲಿ ಇಂಜೆಕ್ಟರ್ ಕರೆಕ್ಷನ್, ಅಂದರೆ ಪ್ರತಿ ಸಿಲಿಂಡರಿಗೆ ಡೀಸೆಲ್ ಎಷ್ಟು ಹೆಚ್ಚು-ಕಡಿಮೆ ಮಾಡಲಾಗುತ್ತಿದೆ ಎಂಬ ಅಂಕಿ, ನೋಡಿದರೆ ಸಾಕು. ಪೈಪ್ ಬಿಚ್ಚಲೇಬೇಕಾದರೆ ಇಂಜಿನ್ ಆರಿಸಿ, ಸ್ಕ್ಯಾನರ್‌ನಲ್ಲಿ ರೈಲ್ ಒತ್ತಡ ಸೊನ್ನೆಗೆ ಇಳಿದದ್ದನ್ನು ನೋಡಿ ಆಮೇಲೆ ಸ್ಪ್ಯಾನರ್ ಹಾಕಿ. ಬಿಚ್ಚಿದ ಬಾಯಿಗಳಿಗೆ ಕೂಡಲೇ ಕ್ಯಾಪ್ ಹಾಕಿ. ಒಂದು ಕಣ ಮಣ್ಣು ಹೋದರೂ ಇಂಜೆಕ್ಟರ್ ಹಾಳು.

ಸ್ಕ್ಯಾನರ್ ಹಾಕುವ ಮೊದಲು ಹತ್ತು ನಿಮಿಷ

ದೂರು ಯಾವುದೇ ಇರಲಿ, ಇಷ್ಟನ್ನು ನೋಡದೆ ಮುಂದಕ್ಕೆ ಹೋಗಬೇಡಿ.

ಗಾಡಿ ಸಮತಟ್ಟಿನಲ್ಲಿ ನಿಂತು ಹತ್ತು ನಿಮಿಷ ಆದ ಮೇಲೆ ಡಿಪ್‌ಸ್ಟಿಕ್ ಎಳೆಯಿರಿ. ಮಟ್ಟ ಕಡಿಮೆ ಇದೆಯೋ ಹೆಚ್ಚಿದೆಯೋ, ಎರಡೂ ಮುಖ್ಯ. ಬೆರಳಿಗೆ ಹಚ್ಚಿ ಮೂಸಿ ನೋಡಿ, ಡೀಸೆಲ್ ವಾಸನೆ ಇದೆಯೇ? ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ, ಮೇಲೆ ಆಯಿಲ್ ಜಿಡ್ಡು ತೇಲುತ್ತಿದೆಯೇ? ಬ್ಯಾಟರಿ ವೋಲ್ಟ್ ನಿಂತಾಗ 12.4ಕ್ಕಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ವೋಲ್ಟ್ ಬಿದ್ದರೆ ಇಂಜಿನ್ ನಿಧಾನ ತಿರುಗುತ್ತದೆ, ರೈಲ್ ಒತ್ತಡ ಏರುವುದಿಲ್ಲ, ಕೊನೆಗೆ ತಪ್ಪು ಹೊತ್ತುಕೊಳ್ಳುವುದು ಇಂಜೆಕ್ಟರ್.

ಮುಂದಿನದು ಏರ್ ಫಿಲ್ಟರ್. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಗಳಲ್ಲಿ ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ಬರುವುದು ಸಾಮಾನ್ಯ ದೂಳಲ್ಲ. ಅದಿರಿನ ದೂಳು ಕಬ್ಬಿಣದ ಆಕ್ಸೈಡ್, ಉಜ್ಜು ಕಾಗದದಂತೆ ಲೋಹ ಸವೆಸುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತ ಹಾರುಬೂದಿ, ಗಂಗಾವತಿ-ಸಿಂಧನೂರು ಕಡೆ ಭತ್ತದ ಹೊಟ್ಟು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಹತ್ತಿರ ಹತ್ತಿಯ ನಾರು. ಕಂಪನಿ ಪುಸ್ತಕದಲ್ಲಿ ಬರೆದ ಅವಧಿ ಈ ರಸ್ತೆಗಳಿಗೆ ಹೊಂದುವುದಿಲ್ಲ. 5000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಿ. ಅದಿರು ರಸ್ತೆಯ ಗಾಡಿಗೆ 10,000 ಕಿ.ಮೀ.ಗೆ ಹೊಸದನ್ನೇ ಹಾಕಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ಮತ್ತೆ ಮತ್ತೆ ಬಳಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ.

ಫಿಲ್ಟರ್ ಚೆನ್ನಾಗಿದ್ದರೂ ದೂಳು ಒಳಗೆ ಹೋಗುತ್ತಿದೆಯೇ ಎಂದು ತಿಳಿಯುವ ದಾರಿ ಸುಲಭ. ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ತೆಳ್ಳಗೆ ಆಯಿಲ್ ಹತ್ತಿದರೆ ಚಿಂತೆಯಿಲ್ಲ, ಇಂಜಿನ್ ಒಳಗಿನ ಆವಿ ಬಿಡುವ ಬ್ರೀದರ್ ಕೊಳವೆಯಿಂದ ಬಂದದ್ದು ಅದು. ಆದರೆ ಆ ಜಿಡ್ಡಿಗೆ ಕುಂಕುಮದಂಥ ಕೆಂಪು ಮೆತ್ತಿಕೊಂಡು ಬಂದರೆ ಡಬ್ಬಿಯ ಮುಚ್ಚಳ ಕೂತಿಲ್ಲ, ಕ್ಲಿಪ್ ಮುರಿದಿದೆ, ಇಲ್ಲವೇ ಅಳತೆ ಹೊಂದದ ಫಿಲ್ಟರ್ ಹಾಕಿದ್ದಾರೆ. ಅಂಥ ಗಾಡಿಯಲ್ಲಿ ಟರ್ಬೊದ ಗಾಳಿ ಎಳೆಯುವ ಚಕ್ರದ ರೆಕ್ಕೆಯ ಅಂಚುಗಳನ್ನು ಟಾರ್ಚ್ ಬಿಟ್ಟು ನೋಡಿ. ಚೂಪಾಗಿರಬೇಕಾದ ಅಂಚು ಮೊಂಡಾಗಿದ್ದರೆ, ಅದೇ ದೂಳು ಪಿಸ್ಟನ್ ರಿಂಗುಗಳನ್ನೂ ಸವೆಸಿದೆ ಎಂದು ತಿಳಿಯಿರಿ.

ಪಿಕಪ್ ಇಲ್ಲ, ಗಾಡಿ ಎಳೆಯುವುದಿಲ್ಲ

ಹೆಚ್ಚು ಬರುವ ದೂರು ಇದೇ. 2000 ಆರ್‌ಪಿಎಂ ದಾಟಿದಾಗ ಬರಬೇಕಾದ ಎಳೆತ ಬರುವುದಿಲ್ಲ. ಕೆಲವೊಮ್ಮೆ ಇಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಆಗ ಎಷ್ಟು ತುಳಿದರೂ 3000 ಆರ್‌ಪಿಎಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೀ ಆಫ್ ಮಾಡಿ ಮತ್ತೆ ಹಾಕಿದರೆ ಸ್ವಲ್ಪ ದೂರ ಚೆನ್ನಾಗಿ ಓಡಿ ಪುನಃ ಅದೇ ಕತೆ.

ಸ್ಕ್ಯಾನರ್‌ನಲ್ಲಿ ಪಿ0299 ಎಂಬ ದೋಷ ಸಂಕೇತ (ಕೋಡ್) ಬಂದರೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಕಡಿಮೆ ಎಂದರ್ಥ, ಟರ್ಬೊ ಕೆಟ್ಟಿದೆ ಎಂದಲ್ಲ. ಇಸಿಯು (ಇಂಜಿನ್ ಕಂಪ್ಯೂಟರ್) ಕೇಳಿದ ಗಾಳಿ ಒತ್ತಡ ಸಿಕ್ಕಿಲ್ಲ, ಅಷ್ಟೇ. ಏಕೆ ಸಿಕ್ಕಿಲ್ಲ ಎಂದು ಹುಡುಕುವುದು ನಮ್ಮ ಕೆಲಸ.

ಮೊದಲು ಸೆನ್ಸರ್ ನಿಜ ಹೇಳುತ್ತಿದೆಯೇ ನೋಡಿ. ಕೀ ಆನ್, ಇಂಜಿನ್ ಆಫ್. ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಈಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್. ನಮ್ಮ ಬಯಲುಸೀಮೆ 400ರಿಂದ 500 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ 94ರಿಂದ 97ರ ನಡುವೆ ಬರಬೇಕು. 85 ಅಥವಾ 110 ತೋರಿಸಿದರೆ ಸೆನ್ಸರ್ ಮಸಿ ಹಿಡಿದಿದೆ ಅಥವಾ ವೈರಿಂಗ್ ಕೆಟ್ಟಿದೆ. ಬಿಚ್ಚಿ ಕ್ಲೀನರ್ ಸ್ಪ್ರೇ ಮಾಡಿ ಒಣಗಿಸಿ, ಮತ್ತೆ ನೋಡಿ. ತೂತಿಗೆ ತಂತಿ ಚುಚ್ಚಬೇಡಿ.

ಅದು ಸರಿಯಿದ್ದರೆ ರಸ್ತೆಗೆ ಇಳಿಸಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಸ್ಕ್ಯಾನರ್ ಹಿಡಿಯಲಿ. 3ನೇ ಗೇರ್‌ನಲ್ಲಿ 1500ರಿಂದ ಪೂರ್ತಿ ತುಳಿದು 3500ರವರೆಗೆ ಎಳೆಯಿರಿ. ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಕೇಳಿದ ರೈಲ್ ಒತ್ತಡ, ಸಿಕ್ಕ ರೈಲ್ ಒತ್ತಡ, ಏರ್ ಫ್ಲೋ ಈ ಐದನ್ನು ರೆಕಾರ್ಡ್ ಮಾಡಿ. ಬೂಸ್ಟ್ ಹಿಂದೆ ಬಿದ್ದಿದ್ದರೆ ಗಾಳಿಯ ದಾರಿ ಹುಡುಕಬೇಕು. ರೈಲ್ ಒತ್ತಡ ಹಿಂದೆ ಬಿದ್ದು ಪಿ0087 ಬಂದಿದ್ದರೆ ಡೀಸೆಲ್‌ನ ದಾರಿ. ಈ ಒಂದು ರನ್ ಮಾಡದೆ ಟರ್ಬೊ ಬಿಚ್ಚಿಸಿದವರು ಸುಮ್ಮನೆ ದುಡ್ಡು ಕಳೆದುಕೊಂಡಿದ್ದಾರೆ.

ಗಾಳಿಯ ದಾರಿಯಲ್ಲಿ ಮೊದಲ ಅಪರಾಧಿ ಹೋಸ್. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ 42 ಡಿಗ್ರಿ ಬಿಸಿಲಲ್ಲಿ, ಆಯಿಲ್ ಆವಿ ಕುಡಿದು ಮೆತ್ತಗಾಗುತ್ತದೆ. ಸೀಳು ಬೀಳುವುದು ಬಹುತೇಕ ಕ್ಲ್ಯಾಂಪ್‌ನ ಅಂಚಿನಲ್ಲಿ, ಅದೂ ಕೆಳಮೈಯಲ್ಲಿ. ಮೇಲಿಂದ ನೋಡಿದರೆ ಕಾಣುವುದಿಲ್ಲ, ಐಡಲ್‌ನಲ್ಲಿ ಸದ್ದೂ ಬರುವುದಿಲ್ಲ. ಬೂಸ್ಟ್ ಬಂದಾಗ ಮಾತ್ರ ಬಾಯಿ ತೆರೆದು ಹಿಸ್ಸೆಂದು ಊದುತ್ತದೆ, ಹಿಂದೆ ಕಪ್ಪು ಹೊಗೆ ಬರುತ್ತದೆ. ಹೋಸ್ ಸುತ್ತ ಆಯಿಲ್ ಬೆವರಿ, ಅದರ ಮೇಲೆ ದೂಳು ದಪ್ಪಗೆ ಅಂಟಿರುವ ಜಾಗ ಹುಡುಕಿ. ಉಳಿದ ಕಡೆ ಒಣಗಿದ್ದು ಅಲ್ಲಿ ಮಾತ್ರ ಕೆಸರಿನಂತೆ ಇದ್ದರೆ ಸೀಳು ಅದೇ. ಖಚಿತಕ್ಕೆ ಫಿಲ್ಟರ್ ಕಡೆಯ ಹೋಸ್‌ಗೆ ಮುಚ್ಚಳ ಕಟ್ಟಿ ಅರ್ಧ ಬಾರ್ ಗಾಳಿ ಬಿಟ್ಟು ಸೋಪಿನ ನೀರು ಹಾಕಿ. ಅರ್ಧ ಬಾರ್‌ಗಿಂತ ಹೆಚ್ಚು ಬೇಡ, ಸೀಲುಗಳು ಹೋಗುತ್ತವೆ.

ಹೋಸ್ ಚೆನ್ನಾಗಿದ್ದರೆ ಟರ್ಬೊದ ನಿಯಂತ್ರಣ ನೋಡಿ. 75 ಪಿಎಸ್ ಇಂಜಿನ್‌ನಲ್ಲಿ ವೇಸ್ಟ್‌ಗೇಟ್ ಬೂಸ್ಟ್ ಒತ್ತಡದಿಂದಲೇ ತೆರೆದುಕೊಳ್ಳುತ್ತದೆ. ಇಂಜಿನ್ ನಿಂತಾಗ ಅದರ ರಾಡ್ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಕೈ ಪಂಪ್‌ನಿಂದ ಒತ್ತಡ ಕೊಟ್ಟಾಗ ನುಣುಪಾಗಿ ಸರಿದು, ಬಿಟ್ಟಾಗ ವಾಪಸ್ ಬರಬೇಕು. ಸದಾ ತೆರೆದೇ ಅಂಟಿಕೊಂಡಿದ್ದರೆ ಹೊಗೆಯ ಬಲವೆಲ್ಲ ಟರ್ಬೊ ತಿರುಗಿಸದೆ ಹೊರಗೆ ಹೋಗುತ್ತದೆ.

90 ಪಿಎಸ್‌ನಲ್ಲಿ ಕೆಲಸ ನಡೆಯುವುದು ವ್ಯಾಕ್ಯೂಮ್‌ನಿಂದ. ಕ್ಯಾಮ್ ಶಾಫ್ಟ್‌ನಿಂದ ಓಡುವ ವ್ಯಾಕ್ಯೂಮ್ ಪಂಪ್, ಸಪೂರ ಹೋಸ್, ಸೊಲೆನಾಯ್ಡ್ ವಾಲ್ವ್, ಆಮೇಲೆ ಟರ್ಬೊದ ಡಯಾಫ್ರಾಮ್. ಈ ಸಪೂರ ಹೋಸ್ ತುದಿಯಲ್ಲಿ ಬಿರುಕು ಬಿಡುವುದು ತುಂಬ ಸಾಮಾನ್ಯ. ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಚುಚ್ಚಿದರೆ ದೂರು ಅಲ್ಲಿಗೇ ಮುಗಿದ ಗಾಡಿಗಳಿವೆ. ಕೈ ಪಂಪ್‌ನಿಂದ ವ್ಯಾಕ್ಯೂಮ್ ಎಳೆದಾಗ ರಾಡ್ ಪೂರ್ತಿ ಚಲಿಸಿ, ಒಂದು ನಿಮಿಷ ಹಾಗೇ ನಿಲ್ಲಬೇಕು. ನಡುವೆ ತಡೆದು ತಡೆದು ಚಲಿಸಿದರೆ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಊರೊಳಗೆ ಮೆಲ್ಲಗೆ ಓಡಿಸುವ ಗಾಡಿಗಳಲ್ಲೇ ಇದು ಹೆಚ್ಚು.

ಇಷ್ಟೆಲ್ಲ ಸರಿಯಿದ್ದ ಮೇಲೆ ಟರ್ಬೊ ಶಾಫ್ಟ್ ಅಲುಗಾಡಿಸಿ ನೋಡಿ. ಅಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ, ಏಕೆಂದರೆ ಅದು ಆಯಿಲ್ ಪದರದ ಮೇಲೆ ತೇಲುತ್ತದೆ. ಉದ್ದಕ್ಕೆ ಹಿಂದೆ ಮುಂದೆ ಆಟ ಇದ್ದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಹೋಗಿದೆ. ಹೊಸದು ಹಾಕುವ ಮೊದಲು ಹಳೆಯದು ಏಕೆ ಸತ್ತಿತು ಎಂದು ಹುಡುಕದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಟರ್ಬೊಗೆ ಆಯಿಲ್ ತರುವ ಪೈಪ್ ಒಳಗೆ ಇದ್ದಿಲುಗಟ್ಟಿರುತ್ತದೆ, ಅದನ್ನು ಹೊಸದು ಹಾಕಿ. ಆಯಿಲ್, ಫಿಲ್ಟರ್ ಬದಲಿಸಿ. ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ಪೂರ್ತಿ ಬಸಿಯಿರಿ. ಜೋಡಿಸುವಾಗ ಟರ್ಬೊದ ಆಯಿಲ್ ಬಾಯಿಗೆ ಹೊಸ ಆಯಿಲ್ ಹನಿಸಿ ಕೈಯಿಂದ ತಿರುಗಿಸಿ. ಸ್ಟಾರ್ಟ್ ಮಾಡಿದ ಮೇಲೆ ಎರಡು ಮೂರು ನಿಮಿಷ ಐಡಲ್‌ನಲ್ಲೇ ಬಿಡಿ.

ಇಂಟರ್‌ಕೂಲರ್ ಬಸಿಯುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟರ್ಬೊ ಸೀಲ್ ಹೋಗಿ ಇಂಜಿನ್ ತನ್ನದೇ ಆಯಿಲನ್ನು ಕುಡಿಯತೊಡಗಿದರೆ ಆರ್‌ಪಿಎಂ ತಾನಾಗಿಯೇ ಏರಿ, ಬಿಳಿ-ನೀಲಿ ಹೊಗೆ ಮುಗಿಲಿಗೇಳುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಆಗ ಕ್ಲಚ್ ತುಳಿದು 5ನೇ ಗೇರ್‌ಗೆ ಹಾಕಿ, ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್ ಬಲವಾಗಿ ಹಿಡಿದು ಕ್ಲಚ್ ಒಮ್ಮೆಗೇ ಬಿಡಿ, ಇಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಮುಂದೆ ಯಾರೂ ನಿಂತಿರಬಾರದು. ಬಾನೆಟ್ ತೆರೆದು ಕೈ ಹಾಕಲು ಹೋಗಬೇಡಿ.

ಇಜಿಆರ್

ಎಳೆತ ಕಡಿಮೆ, ಐಡಲ್ ಒರಟು, ಕಪ್ಪು ಹೊಗೆ, ಜೊತೆಗೆ ಪಿ0401 ಅಥವಾ ಪಿ0402 ಬಂದರೆ ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ವಾಲ್ವ್, ಮಸಿಗೆ ಅಂಟಿದೆ. ಬಿಚ್ಚಿ, ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಮೆದು ಬ್ರಷ್‌ನಿಂದ ತೊಳೆಯಿರಿ. ವಾಲ್ವ್ ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಮೋಟಾರಿನ ಕಡೆ ಕ್ಲೀನರ್ ಇಳಿಯಬಾರದು. ಹೊಸ ಗ್ಯಾಸ್ಕೆಟ್ ಹಾಕಿ. ತಗಡಿನ ಪ್ಲೇಟ್ ಹಾಕಿ ಮುಚ್ಚುವುದು ರಿಪೇರಿಯಲ್ಲ. ಹೊಗೆಯಲ್ಲಿ ವಿಷಾನಿಲ ಹೆಚ್ಚುತ್ತದೆ, ಕೋಡ್ ಮತ್ತೆ ಬರುತ್ತದೆ, ಮಸಿ ಏಕೆ ಕಟ್ಟಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಉತ್ತರ ಸಾಮಾನ್ಯವಾಗಿ ಮೇಲೆ ಹೇಳಿದ ಸೀಳಿದ ಹೋಸ್ ಅಥವಾ ಸೋರುವ ಇಂಜೆಕ್ಟರ್.

ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಯಾವಾಗ ಆಗುವುದಿಲ್ಲ ಎಂದು ಮೊದಲು ಕೇಳಿ. ಬೆಳಿಗ್ಗೆ ತಣ್ಣಗಿದ್ದಾಗಲೋ, ಓಡಿಸಿ ನಿಲ್ಲಿಸಿದ ಮೇಲೆ ಬಿಸಿಯಲ್ಲೋ?

ತಣ್ಣಗಿದ್ದಾಗ ಎಂದ ಕೂಡಲೇ ಹೀಟರ್ ಪ್ಲಗ್ ಬದಲಿಸಲು ಓಡಬೇಡಿ. ಇದು ನೇರ ಇಂಜೆಕ್ಷನ್ ಇಂಜಿನ್. ಡಿಸೆಂಬರ್‌ನಲ್ಲೂ ನಮ್ಮ ಕಡೆಯ ಚಳಿಗೆ ಪ್ಲಗ್ ಇಲ್ಲದೆಯೇ ಹತ್ತಬೇಕು. ಪ್ಲಗ್ ಹೋದರೆ ಕೆಲವು ಸೆಕೆಂಡು ಬಿಳಿ ಹೊಗೆ, ತುಸು ನಡುಕ, ಅಷ್ಟೇ. ತಣ್ಣಗಿದ್ದಾಗ ಎಂಟು ಹತ್ತು ಸೆಕೆಂಡು ಸೆಲ್ಫ್ ಹೊಡೆಯಬೇಕಾಗಿದೆ, ಒಮ್ಮೆ ಹತ್ತಿದ ಮೇಲೆ ದಿನವಿಡೀ ಸರಿ ಎಂದಾದರೆ ರಾತ್ರಿ ಡೀಸೆಲ್ ಲೈನಿಗೆ ಗಾಳಿ ಸೇರುತ್ತಿದೆ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಲೈನಿನಲ್ಲಿ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ಬೆಳಿಗ್ಗೆ ನೋಡಿ. ಗುಳ್ಳೆ ಸಾಲಾಗಿ ಬಂದರೆ ಫಿಲ್ಟರ್ ಡಬ್ಬಿಯ ಓ-ರಿಂಗ್, ಕ್ವಿಕ್ ಕನೆಕ್ಟರ್, ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನಿನ ಕೊಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಬಿಸಿಯಲ್ಲಿ ಸ್ಟಾರ್ಟ್ ಆಗದೆ, ತಣಿದ ಮೇಲೆ ಆದರೆ ಎರಡು ಕಾರಣ ಹೆಚ್ಚು. ಒಂದು, ಕ್ರ್ಯಾಂಕ್ ಸೆನ್ಸರ್. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆ ತೋರಿಸಿದರೆ ಅಥವಾ ಪಿ0335 ಬಂದರೆ ಅದೇ. ಇನ್ನೊಂದು, ಸವೆದ ಇಂಜೆಕ್ಟರ್. ಡೀಸೆಲ್ ಬಿಸಿಯಾದಾಗ ತೆಳ್ಳಗಾಗುತ್ತದೆ, ಸವೆದ ಜಾಗದಿಂದ ರಿಟರ್ನ್‌ಗೆ ಹರಿದುಹೋಗುತ್ತದೆ, ರೈಲ್ ಒತ್ತಡ ಏರುವುದಿಲ್ಲ.

ಇದನ್ನು ಬೇರ್ಪಡಿಸುವ ಅಂಕಿ ಒಂದೇ: ಸೆಲ್ಫ್ ಹೊಡೆಯುವಾಗಿನ ರೈಲ್ ಒತ್ತಡ. ಸುಮಾರು 200 ಬಾರ್ ಮುಟ್ಟದಿದ್ದರೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. 250 ಬಾರ್ ಬಂದೂ ಹತ್ತದಿದ್ದರೆ ತೊಂದರೆ ಒತ್ತಡದಲ್ಲಿಲ್ಲ. ಇಮೊಬಿಲೈಸರ್ (ಕಳ್ಳತನ ತಡೆ) ಲೈಟ್, ಕ್ಯಾಮ್-ಕ್ರ್ಯಾಂಕ್ ಹೊಂದಾಣಿಕೆ, ಕಂಪ್ರೆಷನ್ ಕಡೆ ತಿರುಗಿ.

ಒತ್ತಡ 60, 80 ಬಾರ್‌ನಲ್ಲೇ ನಿಂತರೆ ಹಿಂದಿನಿಂದ ಮುಂದಕ್ಕೆ ಬನ್ನಿ. ಟ್ಯಾಂಕ್ ಒಳಗಿನ ಪಂಪ್ ಕೀ ಆನ್ ಮಾಡಿದಾಗ ಗುಂಯ್‌ಗುಡುತ್ತಿದೆಯೇ? ಇಲ್ಲದಿದ್ದರೆ ಫ್ಯೂಸ್, ರಿಲೇ. ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಲೋಟಕ್ಕೆ ಬಸಿದು ಐದು ನಿಮಿಷ ಇಡಿ. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲನ್ನೇ ಕಾರಿಗೂ ಹಾಕುವ ಹಳ್ಳಿಗಳಲ್ಲಿ, ತಳದಲ್ಲಿ ನೀರು ಬೇರ್ಪಟ್ಟು ನಿಲ್ಲುವುದನ್ನು ಆ ಲೋಟದಲ್ಲೇ ನೋಡಬಹುದು. ನೀರು ಕಂಡರೆ ಫಿಲ್ಟರ್ ಮಾತ್ರವಲ್ಲ, ಟ್ಯಾಂಕನ್ನೂ ತೊಳೆಯಬೇಕು. ನೀರು ಪಂಪಿನೊಳಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಇಂಜೆಕ್ಟರ್‌ಗೆ ಹೋಗುತ್ತದೆ.

ಕೊನೆಗೆ ರಿಟರ್ನ್ ಪರೀಕ್ಷೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಬಾಯಿಗೆ ನಾಲ್ಕು ಪೈಪ್ ಹಾಕಿ, ಒಂದೇ ಅಳತೆಯ ನಾಲ್ಕು ಸೀಸೆಗಳಿಗೆ ಬಿಡಿ. ಸ್ಟಾರ್ಟ್ ಆಗುವ ಗಾಡಿಯಾದರೆ ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ. ಮೂರರಲ್ಲಿ ಒಂದೇ ಮಟ್ಟ, ಒಂದರಲ್ಲಿ ಮಾತ್ರ ಎರಡು ಪಟ್ಟು ಇದ್ದರೆ ಆ ಇಂಜೆಕ್ಟರ್ ಸವೆದಿದೆ. ಸ್ಟಾರ್ಟ್ ಆಗದ ಗಾಡಿಯಾದರೆ ಬರೀ ಸೆಲ್ಫ್ ಹೊಡೆಯಿರಿ. ಯಾವ ಸೀಸೆಗೆ ಧಾರೆಯಾಗಿ ಬರುತ್ತದೋ ಅದು. ನಾಲ್ಕರಲ್ಲೂ ಏನೂ ಬರದೆ ರೈಲ್ ಒತ್ತಡವೂ ಏರದಿದ್ದರೆ ಹೈ ಪ್ರೆಷರ್ ಪಂಪ್ ಅಥವಾ ರೆಗ್ಯುಲೇಟರ್. ಒಂದು ಸವೆದರೆ ನಾಲ್ಕನ್ನೂ ಬದಲಿಸಬೇಕಿಲ್ಲ. ಡೀಸೆಲ್ ಲ್ಯಾಬ್‌ನಲ್ಲಿ ನಾಲ್ಕನ್ನೂ ಬೆಂಚಿಗೆ ಹಾಕಿಸಿ, ಚೀಟಿ ಕೇಳಿ ಪಡೆಯಿರಿ. ಹೊಸ ಇಂಜೆಕ್ಟರ್ ಮೇಲೆ ಅಕ್ಷರ-ಅಂಕಿಯ ಸಂಕೇತ ಕೊರೆದಿದ್ದರೆ ಅದನ್ನು ಇಸಿಯುಗೆ ಬರೆಸಬೇಕು, ಇಲ್ಲದಿದ್ದರೆ ಐಡಲ್ ನಡುಗುತ್ತದೆ.

ಇಂಜೆಕ್ಟರ್ ಬುಡದಲ್ಲಿ ಕಪ್ಪು ಡಾಂಬರು

ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದಾಗ ಒಂದು ಇಂಜೆಕ್ಟರ್ ಸುತ್ತ ಡಾಂಬರು ಸುರಿದಂತೆ ಗಟ್ಟಿ ಕಪ್ಪು ಕಂಡರೆ, ಚಫ್ ಚಫ್ ಎಂದು ಉಗಿಬಂಡಿಯ ಸದ್ದು ಬರುತ್ತಿದ್ದರೆ, ಬುಡದ ತಾಮ್ರದ ವಾಷರ್ ಸೋರುತ್ತಿದೆ. ಕ್ಲ್ಯಾಂಪಿನ ಬೋಲ್ಟ್ ಬಿಗಿ ಮಾಡಿದರೆ ನಿಲ್ಲುವುದಿಲ್ಲ, ಬೋಲ್ಟ್ ಮುರಿಯುತ್ತದೆ ಅಷ್ಟೇ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ದ್ರವ ಹಾಕಿಟ್ಟು, ಮರುದಿನ ಇಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ಪುಲ್ಲರ್‌ನಿಂದ ತೆಗೆಯಿರಿ. ಕೆಳಗಿನ ಸೀಟ್ ಅನ್ನು ಕಟರ್‌ನಿಂದ ಹಗುರವಾಗಿ ಸಮ ಮಾಡಿ, ಬೀಳುವ ಚೂರು ಸಿಲಿಂಡರ್‌ಗೆ ಹೋಗದಂತೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿರಿ. ಹೊಸ ವಾಷರ್, ಹೊಸ ಬೋಲ್ಟ್. ಹಳೆಯ ವಾಷರ್ ಕಾಯಿಸಿ ಮತ್ತೆ ಹಾಕುವ ಉಳಿತಾಯ ಇಲ್ಲಿ ಬೇಡ.

ಸರಪಳಿ

ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಎರಡು ಮೂರು ಸೆಕೆಂಡು ಟೈಮಿಂಗ್ ಕಡೆಯಿಂದ ಗಲಗಲ ಸದ್ದು. ವಾರಗಳು ಕಳೆದಂತೆ ಆ ಸದ್ದು ಐದು, ಹತ್ತು ಸೆಕೆಂಡಿಗೆ ಬೆಳೆಯುತ್ತದೆ. ಆಮೇಲೆ ಬಿಸಿಯಾದ ಇಂಜಿನ್‌ನಲ್ಲೂ ಆಕ್ಸಿಲರೇಟರ್ ಬಿಟ್ಟಾಗ ಕೇಳುತ್ತದೆ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಸರಪಳಿ ಉದ್ದವಾಗಿದೆ.

ಸರಪಳಿ ಇಂಜಿನ್ ಇರುವವರೆಗೂ ಬಾಳುತ್ತದೆ ಎಂದು ನಂಬಿದವರು ಬಹಳ. ಆಯಿಲ್ ಸರಿಯಿದ್ದರೆ ಮಾತ್ರ ಆ ಮಾತು ನಿಜ. ಸರಪಳಿಯನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಓಡುವುದೇ ಆಯಿಲ್ ಒತ್ತಡದಿಂದ. ಒಟ್ಟು ಇರುವುದೇ 3 ಲೀಟರ್. ಅದರಲ್ಲಿ ಒಂದು ಲೀಟರ್ ಇಳಿದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಉಳಿದ ಎರಡು ಲೀಟರ್ ಬೇಗ ಬಿಸಿಯಾಗಿ, ಬೇಗ ಮಸಿಯಾಗಿ, ಟೆನ್ಷನರ್‌ನ ಸಣ್ಣ ದಾರಿ ಕಟ್ಟುತ್ತದೆ. ಆಯಿಲ್ ಲೈಟ್ ಹತ್ತುವವರೆಗೆ ಕಾದರೆ ತಡವಾಯಿತು. ಆ ಲೈಟ್ ಹೇಳುವುದು ಒತ್ತಡವನ್ನು, ಮಟ್ಟವನ್ನಲ್ಲ.

ಸದ್ದು ಶುರುವಾದಾಗಲೇ ಕೆಲಸ ಮಾಡಿಸಿದರೆ ಸರಪಳಿ, ಟೆನ್ಷನರ್, ಎರಡೂ ಗೈಡ್, ಸ್ಪ್ರಾಕೆಟ್, ಮುಂದಿನ ಆಯಿಲ್ ಸೀಲ್, ಇಷ್ಟರಲ್ಲಿ ಮುಗಿಯುತ್ತದೆ. ಬಿಟ್ಟರೆ ಸರಪಳಿ ಹಲ್ಲು ಜಿಗಿದು ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ರಾಕರ್‌ಗಳು ಮುರಿಯುತ್ತವೆ, ಅದೃಷ್ಟ ಇದ್ದರೆ ರಾಕರ್ ಮುರಿದು ವಾಲ್ವ್ ಉಳಿಯುತ್ತದೆ. ಸರಪಳಿ ಒಂದನ್ನೇ ಬದಲಿಸಿ ಹಳೆಯ ಸ್ಪ್ರಾಕೆಟ್ ಬಿಡುವುದು ತಪ್ಪು. ಸವೆದ ಹಲ್ಲು ಹೊಸ ಸರಪಳಿಯನ್ನು ಬೇಗ ತಿನ್ನುತ್ತದೆ. ಜೋಡಿಸುವಾಗ ಕ್ಯಾಮ್ ಮತ್ತು ಕ್ರ್ಯಾಂಕ್ ಹಿಡಿಯುವ ಟೈಮಿಂಗ್ ಪಿನ್‌ಗಳು ಇರಲೇಬೇಕು. ಪೇಂಟ್ ಹಚ್ಚಿ ಗುರುತು ಮಾಡಿಕೊಳ್ಳುತ್ತೇನೆ ಎನ್ನುವ ಗ್ಯಾರೇಜಿನಲ್ಲಿ ಈ ಕೆಲಸ ಕೊಡಬೇಡಿ. ಮುಗಿದ ಮೇಲೆ ಸ್ಟಾರ್ಟ್ ಮಾಡುವ ಮುನ್ನ ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸಲೀಸಾಗಿ ಕೂರುತ್ತವೆಯೇ ನೋಡಿ.

ಈ ಕಡೆಯ ದೂಳು, ಬಿಸಿಲಿಗೆ 10,000 ಕಿ.ಮೀ. ಬದಲು 7500ಕ್ಕೆ ಆಯಿಲ್ ಬದಲಿಸುವುದು ಒಳ್ಳೆಯದು. ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಇರಲಿ, ಸಾಮಾನ್ಯವಾಗಿ 5ಡಬ್ಲ್ಯು-30. ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಗರಿಷ್ಠ ಗುರುತು ದಾಟಿಸಿ ತುಂಬುವುದೂ ಅಷ್ಟೇ ಕೆಟ್ಟದ್ದು. ಕ್ರ್ಯಾಂಕ್ ಕಡೆದು ನೊರೆಯಾದ ಆಯಿಲ್ ಬ್ರೀದರ್ ಮೂಲಕ ಇಂಜಿನ್‌ಗೆ ಸೇರುತ್ತದೆ. ತುಂಬದೆಯೇ ಮಟ್ಟ ಏರುತ್ತಿದ್ದರೆ ಯಾವುದೋ ಇಂಜೆಕ್ಟರ್ ಡೀಸೆಲ್ ಸೋರಿಸುತ್ತಿದೆ, ಅಂಥ ಗಾಡಿ ಓಡಿಸಬೇಡಿ.

ಬಿಸಿ, ಮತ್ತು ಕೂಲೆಂಟ್‌ನಲ್ಲಿ ಆಯಿಲ್

ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಹಾಕಿ ಹೆದ್ದಾರಿಯಲ್ಲಿ ಓಡಿದಾಗ ಮಾತ್ರ ಮುಳ್ಳು ಏರುತ್ತದೆ, ಊರೊಳಗೆ ಸರಿಯಿದೆ ಎಂದರೆ ಫ್ಯಾನ್ ಅಲ್ಲ, ರೇಡಿಯೇಟರ್ ಕಟ್ಟಿದೆ. ಊರೊಳಗೆ ನಿಂತಾಗ ಏರಿ, ಓಡಿದಾಗ ಇಳಿದರೆ ಫ್ಯಾನ್, ಅದರ ರಿಲೇ. ರಾಯಚೂರು ಕಡೆಯ ಗಾಡಿಗಳಲ್ಲಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹತ್ತಿ ನಾರು, ದೂಳು ಸೇರಿ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕ. ಎರಡನ್ನೂ ಸಡಿಲಿಸಿ ನಡುವೆ ಟಾರ್ಚ್ ಬಿಟ್ಟರೆ ಮಾತ್ರ ಕಾಣುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಪ್ರೆಷರ್ ವಾಷರ್ ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ಬೋರ್ ನೀರು ಗಡಸು, ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಂಜಿನ್ ಒಳಗೂ ಕಟ್ಟುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಕೂಲೆಂಟ್ ಡಬ್ಬಿಯಲ್ಲಿ ಆಯಿಲ್ ಕಂಡರೆ ಹೆಡ್ ಗ್ಯಾಸ್ಕೆಟ್ ಎಂದು ಹೆಡ್ ಇಳಿಸಿಬಿಡುತ್ತಾರೆ. ನಿಲ್ಲಿ. ಆಯಿಲ್ ಫಿಲ್ಟರ್ ಹೌಸಿಂಗ್‌ಗೆ ಅಂಟಿಕೊಂಡು ಒಂದು ಆಯಿಲ್ ಕೂಲರ್ ಇದೆ. ಅದರ ಒಂದು ಕಡೆ ಆಯಿಲ್, ಇನ್ನೊಂದು ಕಡೆ ಕೂಲೆಂಟ್. ಅದರ ಗ್ಯಾಸ್ಕೆಟ್ ಹೋದರೂ ಇದೇ ಲಕ್ಷಣ. ವ್ಯತ್ಯಾಸ ಹೀಗೆ ಕಾಣಿ: ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಡಬ್ಬಿಯಲ್ಲಿ ಗುಳ್ಳೆ ಬಂದರೆ ಸಿಲಿಂಡರಿನ ಗ್ಯಾಸ್ ಸೇರುತ್ತಿದೆ, ಅದು ಹೆಡ್ ಗ್ಯಾಸ್ಕೆಟ್. ಹೋಸ್ ಮೆತ್ತಗೇ ಇದ್ದು ಆಯಿಲ್ ಮಾತ್ರ ತೇಲುತ್ತಿದ್ದರೆ ಮೊದಲು ಆಯಿಲ್ ಕೂಲರ್ ಬಿಚ್ಚಿ. ಕೆಲಸ ಮುಗಿದ ಮೇಲೆ ಆಯಿಲ್ ಹೋಗುವವರೆಗೆ ಎರಡು ಮೂರು ಸಲ ನೀರು ಬದಲಿಸಿ ತೊಳೆಯಬೇಕು, ಜಿಡ್ಡಿನಲ್ಲಿ ನೆಂದ ಹೋಸ್‌ಗಳನ್ನೂ ನೋಡಬೇಕು.

ರಿಪೇರಿ ಆದ ಮೇಲೆ

ಕೋಡ್ ಅಳಿಸಿ, ಗ್ಯಾರೇಜ್ ಸುತ್ತ ಒಂದು ಸುತ್ತು ಹಾಕಿ ಕೀ ಕೊಡುವುದು ಪರೀಕ್ಷೆಯಲ್ಲ. ಬೂಸ್ಟ್ ಮತ್ತು ರೈಲ್ ಒತ್ತಡದ ದೋಷ ಭಾರ ಬಿದ್ದಾಗಲೇ ಹೊರಬರುತ್ತದೆ. ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರು ಇದೆ. ರಾಯಚೂರು, ಸಿಂಧನೂರಿನ ಸಮತಟ್ಟಿನಲ್ಲಿ ನಾಲ್ಕು ಜನ ಕೂತು, ಎಸಿ ಹಾಕಿ, 4ನೇ ಗೇರ್‌ನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ತುಳಿದು ಎಳೆಯಿರಿ, ರಸ್ತೆ ಖಾಲಿ ಇರುವ ಕಡೆ ಮಾತ್ರ. ಮೊದಲು ರೆಕಾರ್ಡ್ ಮಾಡಿದ ಅದೇ ಐದು ಅಂಕಿಗಳನ್ನು ಮತ್ತೆ ರೆಕಾರ್ಡ್ ಮಾಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೇಳಿದ್ದು ಮತ್ತು ಸಿಕ್ಕಿದ್ದು ಒಟ್ಟೊಟ್ಟಿಗೆ ಏರಿದ್ದರೆ ಗಾಡಿ ಕೊಡಿ. ವಾಪಸ್ ಬಂದ ಮೇಲೆ ಬಾನೆಟ್ ಎತ್ತಿ ಬಿಚ್ಚಿದ ಪ್ರತಿ ಜೋಡಣೆಗೂ ಟಾರ್ಚ್ ಬಿಡಿ. ಹೈ ಪ್ರೆಷರ್ ಪೈಪಿನ ನಟ್ ಹತ್ತಿರ ಡೀಸೆಲ್ ತೇವ ಕಂಡರೆ ಬೆರಳಿನಿಂದ ಮುಟ್ಟಿ ನೋಡಬೇಡಿ, ಕೂಡಲೇ ಇಂಜಿನ್ ಆರಿಸಿ.